ಸೀನಿಯರ್‌ಗಳ ಫೈನಲ್ ಇಯರ್ ಪ್ರಾಜೆಕ್ಟ್ ಓದಿ ನಿಮ್ಮದನ್ನು ಪ್ಲ್ಯಾನ್ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮೊದಲ ರಿವ್ಯೂ ದಿನ ನಾಲ್ಕು ಜನರ ತಂಡ ಬಂದು ನಿಲ್ಲುತ್ತದೆ. ಕೈಯಲ್ಲಿ ಹೋದ ವರ್ಷದ ಬ್ಯಾಚಿನ ರಿಪೋರ್ಟು. ಟೈಟಲ್‌ನಲ್ಲಿ ಒಂದೇ ಪದ ಬದಲಾಗಿರುತ್ತದೆ: "ಟೊಮೇಟೊ" ಹೋಗಿ "ಅಡಿಕೆ" ಬಂದಿರುತ್ತದೆ. "ಇವರ ಪ್ರಾಜೆಕ್ಟಲ್ಲಿ ಏನು ಕೆಲಸ ಮಾಡಲಿಲ್ಲ?" ಎಂದು ಕೇಳಿದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಓದಿಲ್ಲ ಅಂತಲ್ಲ. ಓದಿದ್ದಾರೆ. ಆದರೆ ಅಬ್‌ಸ್ಟ್ರ್ಯಾಕ್ಟ್‌ನಿಂದ ಶುರುಮಾಡಿ, ರಿಸಲ್ಟ್ ಪುಟದಲ್ಲಿ 98 ಪರ್ಸೆಂಟ್ ನಿಖರತೆ ನೋಡಿ ಅಲ್ಲಿಗೇ ನಿಲ್ಲಿಸಿದ್ದಾರೆ.

ಗೈಡ್ ಆಗಿ ರಿವ್ಯೂಗಳಲ್ಲಿ ಕೂತು ಇದನ್ನು ಮತ್ತೆ ಮತ್ತೆ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೇರೆಯವರ ಪ್ರಾಜೆಕ್ಟ್ ಓದಬೇಕಾದ್ದು ಟೈಟಲ್ ಹುಡುಕೋಕೆ ಅಲ್ಲ. ಅವರು ಎಲ್ಲಿ ಸಿಕ್ಕಿಹಾಕಿಕೊಂಡರು, ಏನನ್ನು ಕೈಬಿಟ್ಟರು, ಎಷ್ಟು ವಾರ ಕಳೆದುಕೊಂಡರು ಅನ್ನುವುದನ್ನು ತಿಳಿಯೋಕೆ. ಅದು ರಿಪೋರ್ಟಿನಲ್ಲಿ ನೇರವಾಗಿ ಬರೆದಿರುವುದಿಲ್ಲ. ಹುಡುಕಿ ತೆಗೆಯಬೇಕು, ಅದಕ್ಕೊಂದು ಕ್ರಮವಿದೆ.

ಉದಾಹರಣೆಗಳನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸದಾ ಕಾಣುವ ಎರಡು ಪ್ರಾಜೆಕ್ಟ್‌ಗಳಿಂದ ತೆಗೆದುಕೊಂಡಿದ್ದೇನೆ. ಒಂದು, ಮಣ್ಣಿನ ತೇವ ನೋಡಿ ತಾನೇ ನೀರು ಬಿಡುವ ಪ್ರಾಜೆಕ್ಟ್. ಇನ್ನೊಂದು, ಫೋಟೋ ನೋಡಿ ಬೆಳೆಯ ರೋಗ ಹೇಳುವ ಪ್ರಾಜೆಕ್ಟ್. ನಿಮ್ಮ ಬ್ರ್ಯಾಂಚ್ ಬೇರೆಯಾದರೂ ಹಂತಗಳ ಕ್ರಮ ಇದೇ.

## ಮೊದಲು ಕೈಯಲ್ಲಿ ಇರಬೇಕಾದವು

ಒಂದು ನೋಟ್‌ಬುಕ್ ಅಥವಾ ತಂಡದ ನಾಲ್ವರಿಗೂ ಕಾಣುವ ಒಂದು ಸ್ಪ್ರೆಡ್‌ಶೀಟ್. ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿ ಹಳೆಯ ರಿಪೋರ್ಟ್ ನೋಡಲು ಅನುಮತಿ. ಕಾಲೇಜಿನ ಕ್ಯಾಲೆಂಡರ್ ಆಫ್ ಈವೆಂಟ್ಸ್. ಎರಡರಿಂದ ಮೂರು ವಾರ ಸಮಯ.

ನಿಮ್ಮ ಸ್ಕೀಮ್ (ಪಠ್ಯಕ್ರಮ) ಯಾವುದು ಅಂತಲೂ ಗೊತ್ತಿರಲಿ. ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮ್‌ನಲ್ಲಿ ಪ್ರಾಜೆಕ್ಟ್‌ನ ಮೊದಲ ಫೇಸ್ 7ನೇ ಸೆಮಿಸ್ಟರ್‌ನಲ್ಲಿ, ಎರಡನೆಯದು 8ರಲ್ಲಿತ್ತು. 2022ರ ಸ್ಕೀಮ್‌ನಲ್ಲಿ ಅದು 6 ಮತ್ತು 7ಕ್ಕೆ ಬಂದಿದೆ. ಹಾಗಾಗಿ ಹಳೆಯ ಸೀನಿಯರ್ "ಫೆಬ್ರವರಿಲಿ ಶುರುಮಾಡಿದ್ವಿ, ಸಾಕಾಯ್ತು" ಅಂದರೆ ಆ ಲೆಕ್ಕ ನಿಮಗೆ ಹೊಂದದೇ ಹೋಗಬಹುದು. ತಿಂಗಳ ಹೆಸರು ಬಿಡಿ, ಎಷ್ಟು ವಾರ ಹಿಡಿಯಿತು ಅಂತ ಮಾತ್ರ ಬರೆದುಕೊಳ್ಳಿ.

ಟೈಟಲ್ ಇನ್ನೂ ಕೊಟ್ಟಿಲ್ಲ ಅಂದರೆ ಒಳ್ಳೆಯದು, ಕೊಡಬೇಡಿ. 6ನೇ ಹಂತ ಮುಗಿಯುವವರೆಗೆ ಟೈಟಲ್ ಬೇಡ.

## ಹಂತ 1: ಒಂದಲ್ಲ, ಹನ್ನೆರಡು ಪ್ರಾಜೆಕ್ಟ್ ಒಟ್ಟು ಮಾಡಿ

ಒಂದೇ ಪ್ರಾಜೆಕ್ಟ್ ನೋಡಿದರೆ ನಕಲು ಮಾಡುತ್ತೀರಿ. ಹನ್ನೆರಡು ನೋಡಿದರೆ ಹೋಲಿಸುತ್ತೀರಿ. ಹನ್ನೆರಡನ್ನೂ ಪೂರ್ತಿ ಓದಬೇಕಾಗಿಲ್ಲ, ಒಂದಕ್ಕೆ ಅರ್ಧ ಗಂಟೆ ಸಾಕು. ಆಮೇಲೆ ಮೂರನ್ನು ಮಾತ್ರ ಆಳವಾಗಿ ಓದಲು ಇಟ್ಟುಕೊಳ್ಳಿ.

ಮೊದಲು ಹೋಗಬೇಕಾದ್ದು ನಿಮ್ಮದೇ ಡಿಪಾರ್ಟ್‌ಮೆಂಟ್ ಲೈಬ್ರರಿಗೆ. ಬೆನ್ನಿನ ಮೇಲೆ ಬಂಗಾರದ ಅಕ್ಷರ ಇರುವ ಹಾರ್ಡ್ ಬೌಂಡ್ ಸಾಲು ಅಲ್ಲೇ ಇರುತ್ತದೆ. ಅದನ್ನು ಬರೆದವರು ನಿಮ್ಮದೇ ಲ್ಯಾಬ್, ನಿಮ್ಮದೇ ವೈಫೈ, ನಿಮ್ಮದೇ ಗೈಡ್‌ಗಳ ನಡುವೆ ಕೆಲಸ ಮಾಡಿದವರು. ಬೇರೆ ಯಾವ ದೊಡ್ಡ ಸಂಸ್ಥೆಯ ಪ್ರಾಜೆಕ್ಟಿಗಿಂತ ಇವರ ಕಷ್ಟ ನಿಮಗೆ ಹತ್ತಿರ.

ಎರಡನೆಯದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಈ ಮಂಡಳಿ ಪ್ರತಿವರ್ಷ ರಾಜ್ಯದ ಕಾಲೇಜುಗಳಿಂದ ಪ್ರಾಜೆಕ್ಟ್‌ಗಳನ್ನು ಆರಿಸಿ ಹಣ ಕೊಡುತ್ತದೆ. ಹಿಂದಿನ ಸರಣಿಗಳಲ್ಲಿ ಆಯ್ಕೆಯಾದವುಗಳ ಮಾಹಿತಿ ಅದರ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಒಂದೇ ವಿಷಯ ಬೇರೆ ಬೇರೆ ಊರಿನ ಕಾಲೇಜುಗಳಿಂದ ಬಂದಿದ್ದರೆ ಅವನ್ನೆಲ್ಲ ಸಾಲಾಗಿ ಇಟ್ಟು ನೋಡಿ, ಬಹಳ ಕಲಿಯಬಹುದು.

ಮೂರನೆಯದು ಗಿಟ್‌ಹಬ್, ಜನ ತಮ್ಮ ಕೋಡ್ ಇಟ್ಟು ಹಂಚಿಕೊಳ್ಳುವ ವೆಬ್‌ಸೈಟ್. ಇಲ್ಲಿ ಕೋಡ್‌ಗಿಂತ ಮೊದಲು ಕಮಿಟ್ ಹಿಸ್ಟರಿ (ಯಾವಾಗ ಏನು ಬದಲಿಸಿ ಸೇರಿಸಿದರು ಅನ್ನುವ ದಾಖಲೆ) ತೆರೆಯಿರಿ. ಮೂರು ತಿಂಗಳು ಅಲ್ಲಲ್ಲಿ ಕಮಿಟ್ ಆಗಿದ್ದರೆ ಅದು ಜನ ಕೂತು ಮಾಡಿದ ಕೆಲಸ. ಇಡೀ ಪ್ರಾಜೆಕ್ಟ್ ಒಂದೇ ಕಮಿಟ್‌ನಲ್ಲಿ ಬಂದು ಬಿದ್ದಿದ್ದರೆ ಅದರಿಂದ ಕಲಿಯಲು ಜಾಸ್ತಿ ಏನೂ ಸಿಗುವುದಿಲ್ಲ, ಯಾವುದನ್ನು ಯಾಕೆ ಬದಲಿಸಿದರು ಅಂತ ಗೊತ್ತೇ ಆಗುವುದಿಲ್ಲ.

ಶೋಧಗಂಗಾ ಎಂಬ ವೆಬ್‌ಸೈಟ್‌ನಲ್ಲಿ ಪಿಎಚ್‌ಡಿ ಪ್ರಬಂಧಗಳು ಸಿಗುತ್ತವೆ. ಲಿಟರೇಚರ್ ಸರ್ವೇಗೆ ಉಪಯೋಗ. ಆದರೆ ಒಬ್ಬರು ವರ್ಷಗಟ್ಟಲೆ ಮಾಡಿದ ಕೆಲಸದ ಅಳತೆಯಲ್ಲಿ ನಿಮ್ಮ ಪ್ರಾಜೆಕ್ಟ್ ಪ್ಲ್ಯಾನ್ ಮಾಡಬೇಡಿ.

ಸಾಮಾನ್ಯ ತಪ್ಪು: ಬಹುಮಾನ ಬಂದವನ್ನೇ ಆರಿಸುವುದು. ಹನ್ನೆರಡರಲ್ಲಿ ಎರಡಾದರೂ ಅರ್ಧಕ್ಕೆ ನಿಂತವು ಅಥವಾ ಡೆಮೋ ದಿನ ಕೈಕೊಟ್ಟವು ಇರಲಿ. ಅವು ಯಾವುವು ಅಂತ ಲ್ಯಾಬ್ ಇನ್‌ಸ್ಟ್ರಕ್ಟರ್‌ಗೆ ಗೊತ್ತಿರುತ್ತದೆ. ವಿನಯದಿಂದ ಕೇಳಿ, ಹೇಳುತ್ತಾರೆ.

## ಹಂತ 2: ಹಿಂದಿನಿಂದ ಮುಂದಕ್ಕೆ ಓದಿ

ಈ ಹಂತವೇ ಮುಖ್ಯ. ರಿಪೋರ್ಟನ್ನು ಕೊನೆಯಿಂದ ತೆರೆಯಿರಿ. ಓದುವ ಕ್ರಮ ಹೀಗಿರಲಿ: ಫ್ಯೂಚರ್ ಸ್ಕೋಪ್, ಆಮೇಲೆ ಸ್ಕ್ರೀನ್‌ಶಾಟ್‌ಗಳು, ಆಮೇಲೆ ಟೆಸ್ಟಿಂಗ್, ಆಮೇಲೆ ಡಿಸೈನ್, ಕೊನೆಗೆ ಅಬ್‌ಸ್ಟ್ರ್ಯಾಕ್ಟ್.

ಫ್ಯೂಚರ್ ಸ್ಕೋಪ್‌ನಲ್ಲಿ ಬರೆದದ್ದು ಎಷ್ಟೋ ಸಲ ಅವರು ಮಾಡಲು ಹೋಗಿ ಆಗದೆ ಬಿಟ್ಟದ್ದು. "ಮುಂದೆ ಇದನ್ನು ಸೋಲಾರ್‌ನಲ್ಲಿ ನಡೆಸಬಹುದು" ಅಂತಿದ್ದರೆ, ಬ್ಯಾಟರಿ ಲೆಕ್ಕ ಅವರಿಗೆ ಕೂಡಿಬಂದಿಲ್ಲ ಅಂತ ಇರಬಹುದು. "ಮುಂದೆ ತೋಟದಲ್ಲಿ ಪರೀಕ್ಷಿಸಬಹುದು" ಅಂತಿದ್ದರೆ ತೋಟದಲ್ಲಿ ಪರೀಕ್ಷೆ ಆಗಿಲ್ಲ. ಪ್ರತಿ ಸಾಲಿನ ಮುಂದೆ "ಯಾಕೆ ಆಗಲಿಲ್ಲ?" ಅಂತ ಬರೆದಿಟ್ಟುಕೊಳ್ಳಿ. ಈ ಪ್ರಶ್ನೆಗಳು 5ನೇ ಹಂತದಲ್ಲಿ ಬೇಕಾಗುತ್ತವೆ.

ಆಮೇಲೆ ಸ್ಕ್ರೀನ್‌ಶಾಟ್‌ಗಳು. ಚಿತ್ರದ ಬಲಗಡೆ ಕೆಳಮೂಲೆ ನೋಡಿ. ಪೂರ್ತಿ ಸ್ಕ್ರೀನ್ ತೆಗೆದಿದ್ದರೆ ಅಲ್ಲಿ ಕಂಪ್ಯೂಟರ್‌ನ ಗಂಟೆ, ತಾರೀಕು ಇರುತ್ತದೆ. ಒಮ್ಮೆ ನಾನು ನೋಡಿದ ರಿಪೋರ್ಟಿನಲ್ಲಿ ಗ್ಯಾಂಟ್ ಚಾರ್ಟ್ (ಯಾವ ಕೆಲಸ ಯಾವ ವಾರ ಅನ್ನುವ ಪಟ್ಟಿ) ಪ್ರಕಾರ ಮಾಡೆಲ್ (ಡೇಟಾದಿಂದ ಕಲಿಯುವ ಪ್ರೋಗ್ರಾಂ) ಮಾರ್ಚ್ ಮೊದಲ ವಾರವೇ ಮುಗಿದಿತ್ತು. ಸ್ಕ್ರೀನ್‌ಶಾಟ್‌ಗಳಲ್ಲೆಲ್ಲ ಮೇ ತಿಂಗಳ ತಾರೀಕು, ರಾತ್ರಿ ಎರಡು ಗಂಟೆ, ಮೂರು ಗಂಟೆ. ಅಂದರೆ ಏನು? ಚಾರ್ಟ್ ಅಂದುಕೊಂಡದ್ದನ್ನು ಹೇಳುತ್ತಿತ್ತು, ಆ ಮೂಲೆಯ ಗಡಿಯಾರ ಆದದ್ದನ್ನು ಹೇಳುತ್ತಿತ್ತು. ನೀವು ಪ್ಲ್ಯಾನ್ ಮಾಡುವಾಗ ಲೆಕ್ಕಕ್ಕೆ ಹಿಡಿಯಬೇಕಾದ್ದು ಎರಡನೆಯದನ್ನು.

ಟೆಸ್ಟಿಂಗ್ ಅಧ್ಯಾಯದಲ್ಲಿ ಟೆಸ್ಟ್ ಕೇಸ್‌ಗಳ ಟೇಬಲ್ ಇರುತ್ತದೆ. ಎಲ್ಲ ಸಾಲಿನಲ್ಲೂ "ಪಾಸ್" ಅಂತಿದ್ದರೆ ಆ ಟೇಬಲನ್ನು ಕೊನೆಗೆ ಕೂತು ತುಂಬಿರುವ ಸಾಧ್ಯತೆ ಜಾಸ್ತಿ. ಒಂದೆರಡು "ಫೇಲ್" ಇದ್ದು, ಏನು ಸರಿಮಾಡಿದರು ಅಂತ ಬರೆದಿದ್ದರೆ ಆ ರಿಪೋರ್ಟನ್ನು ನಿಮ್ಮ ಮೂರರ ಪಟ್ಟಿಗೆ ಸೇರಿಸಿಬಿಡಿ.

## ಹಂತ 3: ಸಿನಾಪ್ಸಿಸ್ ಮತ್ತು ಫೈನಲ್ ರಿಪೋರ್ಟ್ ಅಕ್ಕಪಕ್ಕ ಇಡಿ

ಮೂರು ಪ್ರಾಜೆಕ್ಟ್‌ಗಳ ಸಿನಾಪ್ಸಿಸ್ (ಶುರುವಿನಲ್ಲಿ ಕೊಡುವ ಚಿಕ್ಕ ಯೋಜನಾ ಬರಹ) ಸಿಗುತ್ತದಾ ನೋಡಿ. ಗೈಡ್ ಬಳಿ ಅಥವಾ ಸೀನಿಯರ್‌ಗಳ ಮೇಲ್‌ನಲ್ಲಿ ಇರುತ್ತದೆ. ಅದರಲ್ಲಿನ ಆಬ್ಜೆಕ್ಟಿವ್‌ಗಳನ್ನು ಎಡಗಡೆ ಬರೆಯಿರಿ, ಫೈನಲ್ ರಿಪೋರ್ಟಿನವನ್ನು ಬಲಗಡೆ.

ಆರು ಇದ್ದದ್ದು ಮೂರಾಗಿರುತ್ತದೆ. ಮೊಬೈಲ್ ಆ್ಯಪ್ ಹೋಗಿ ವೆಬ್ ಪೇಜ್ ಆಗಿರುತ್ತದೆ. "ಎಂಟು ರೋಗ" ಇದ್ದದ್ದು "ಮೂರು ರೋಗ" ಆಗಿರುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಎಲ್ಲರದ್ದೂ ಹೀಗೇ ಆಗುತ್ತದೆ. ಆದರೆ ಮೂರೂ ತಂಡಗಳು ಒಂದೇ ವಸ್ತುವನ್ನು ಬಿಟ್ಟಿದ್ದರೆ ಗಮನಿಸಿ. ಅದನ್ನು ನಿಮ್ಮ ಸಿನಾಪ್ಸಿಸ್‌ನಲ್ಲಿ ಮುಖ್ಯ ಆಬ್ಜೆಕ್ಟಿವ್ ಮಾಡಬೇಡಿ, ಅಥವಾ ಅದೊಂದನ್ನೇ ಇಡೀ ಪ್ರಾಜೆಕ್ಟ್ ಮಾಡಿ. ಆರರಲ್ಲಿ ಒಂದಾಗಿ ಮಾತ್ರ ಇಡಬೇಡಿ.

## ಹಂತ 4: ರಿಸಲ್ಟ್‌ನ ಸಂಖ್ಯೆಯನ್ನು ಬಿಚ್ಚಿ ನೋಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಳೆಯ ರಿಪೋರ್ಟಿನಲ್ಲಿ 98 ಪರ್ಸೆಂಟ್ ಇದೆ, ನಾವು 99 ಮಾಡುತ್ತೇವೆ ಅಂತ ಪ್ಲ್ಯಾನ್ ಹಾಕುತ್ತಾರೆ. ಆ 98 ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಎಲೆ ರೋಗದ ಪ್ರಾಜೆಕ್ಟ್‌ಗಳು ಬಹಳಷ್ಟು ಸಲ ಬಳಸುವುದು ಪ್ಲಾಂಟ್‌ವಿಲೇಜ್ ಎಂಬ ಫೋಟೋ ಸಂಗ್ರಹವನ್ನು. ಅದರಲ್ಲಿ 14 ಬೆಳೆ, 26 ರೋಗ, 54,306 ಫೋಟೋ ಇವೆ. ಫೋಟೋಗಳಲ್ಲಿ ಕಿತ್ತ ಎಲೆಯನ್ನು ಸಾದಾ ಹಿನ್ನೆಲೆಯ ಮೇಲೆ ಇಟ್ಟಿದ್ದಾರೆ. 2016ರಲ್ಲಿ ಈ ಸಂಗ್ರಹದ ಮೇಲೆ ಬಂದ ಪ್ರಸಿದ್ಧ ಪ್ರಬಂಧದಲ್ಲಿ ಸಿಕ್ಕ ನಿಖರತೆ 99.35 ಪರ್ಸೆಂಟ್. ಅದೇ ಪ್ರಬಂಧದಲ್ಲಿ, ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೋಗಳನ್ನು ಕೊಟ್ಟಾಗ ಅದು ಸುಮಾರು 31 ಪರ್ಸೆಂಟ್‌ಗೆ ಇಳಿಯಿತು. ಬರೆದವರೇ ಇದನ್ನು ಹೇಳಿದ್ದಾರೆ. ನಮ್ಮ ವಿದ್ಯಾರ್ಥಿಗಳ ರಿಪೋರ್ಟುಗಳಿಗೆ ಬರುವಾಗ ಮೊದಲ ಸಂಖ್ಯೆ ಮಾತ್ರ ದಾಟಿ ಬರುತ್ತದೆ. ಇದು ನನಗೆ ನಿಜವಾಗಿ ಬೇಸರದ ವಿಷಯ, ಯಾಕೆಂದರೆ ಎರಡನೇ ಸಂಖ್ಯೆಯೊಳಗೇ ಎಷ್ಟೋ ಒಳ್ಳೆಯ ಪ್ರಾಜೆಕ್ಟ್‌ಗಳಿವೆ.

ಇನ್ನೂ ಒಂದು. ಅದೇ ಸಂಗ್ರಹದಲ್ಲಿ ಆಲೂಗಡ್ಡೆಯ ಎರಡು ರೋಗಗಳಿಗೆ ತಲಾ 1,000 ಫೋಟೋ ಇವೆ, ಆರೋಗ್ಯವಾದ ಎಲೆಗೆ 152 ಮಾತ್ರ. ಲೆಕ್ಕ ಹಾಕಿ: ಏನೂ ಕಲಿಯದ ಮಾಡೆಲ್ ಕಣ್ಣುಮುಚ್ಚಿ ಎಲ್ಲಕ್ಕೂ "ರೋಗ ಇದೆ" ಅಂದರೂ 2,152ರಲ್ಲಿ 2,000 ಸರಿ. ಸುಮಾರು 93 ಪರ್ಸೆಂಟ್!

ಹಾಗಾಗಿ ಪ್ರತಿ ರಿಪೋರ್ಟಿನಲ್ಲೂ ಈ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಿ.

1. ಒಟ್ಟು ಎಷ್ಟು ಫೋಟೋ ಅಥವಾ ರೀಡಿಂಗ್, ಒಂದೊಂದು ವರ್ಗಕ್ಕೆ ಎಷ್ಟು?
2. ಟೆಸ್ಟ್‌ಗೆ ಬೇರೆ ಇಟ್ಟಿದ್ದು ಯಾವಾಗ? ಫೋಟೋಗಳನ್ನು ತಿರುಗಿಸಿ, ಕನ್ನಡಿಯ ಬಿಂಬದಂತೆ ಮಗುಚಿ ಸಂಖ್ಯೆ ಹೆಚ್ಚಿಸಿದ ಮೇಲೆ ಬೇರ್ಪಡಿಸಿದ್ದರೆ ಒಂದೇ ಎಲೆ ಕಲಿಸುವ ಗುಂಪು, ಟೆಸ್ಟ್ ಗುಂಪು ಎರಡರಲ್ಲೂ ಸೇರಿರುತ್ತದೆ. ಆ ಸಂಖ್ಯೆಯನ್ನು ನಂಬಬೇಡಿ.
3. ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ (ಯಾವುದನ್ನು ಯಾವುದೆಂದು ಗುರುತಿಸಿತು ಅನ್ನುವ ಟೇಬಲ್) ಇದೆಯಾ? ಇದ್ದರೆ ಯಾವ ಎರಡು ರೋಗಗಳ ನಡುವೆ ಗೊಂದಲ?
4. ತಮ್ಮದೇ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋವನ್ನಾದರೂ ಹಾಕಿ ನೋಡಿದ್ದಾರಾ?

ಸೆನ್ಸರ್ ಪ್ರಾಜೆಕ್ಟ್ ಆದರೆ ಪ್ರಶ್ನೆ ಇನ್ನೂ ಸರಳ: ಎಷ್ಟು ದಿನ ಬಿಡದೆ ಓಡಿತು? ಟೇಬಲ್‌ನಲ್ಲಿ ಹತ್ತು ರೀಡಿಂಗ್ ಇದ್ದು, ಹತ್ತೂ ಒಂದೇ ಮಧ್ಯಾಹ್ನದವು ಆಗಿದ್ದರೆ ಅದು ಡೆಮೋ ಅಷ್ಟೇ.

## ಹಂತ 5: ಮಾಡಿದವರ ಹತ್ತಿರ ಹೋಗಿ ಮಾತಾಡಿ

ರಿಪೋರ್ಟ್ ಓದಿದ ಮೇಲೇ ಮಾತಾಡಬೇಕು, ಮೊದಲಲ್ಲ. ಸುಮ್ನೆ "ಅಣ್ಣ, ನಿಮ್ಮ ಪ್ರಾಜೆಕ್ಟ್ ಹೇಗಿತ್ತು?" ಅಂದರೆ "ಚೆನ್ನಾಗಿತ್ತು ಕಣೋ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಹೀಗೆ ಕೇಳಿ ನೋಡಿ: "ಅಕ್ಕ, ನಿಮ್ಮ 43ನೇ ಪುಟದಲ್ಲಿ ಸೆನ್ಸರ್ ಎರಡು ಸಲ ಬದಲಾಯಿಸಿದ್ವಿ ಅಂತಿದೆ. ಮೊದಲನೇದಕ್ಕೆ ಏನಾಯ್ತು?" ಆಗ ಅವರ ಮುಖವೇ ಬದಲಾಗುತ್ತದೆ. ತಮ್ಮ ಕೆಲಸವನ್ನು ಯಾರೋ ಪುಟ ಹಿಡಿದು ಓದಿದ್ದಾರಲ್ಲ ಅಂತ ಖುಷಿ. ಅರ್ಧ ಗಂಟೆ ಕೂತು ಹೇಳುತ್ತಾರೆ, ಉಳಿದಿರುವ ಸೆನ್ಸರನ್ನೂ ಕೈಗೆ ಕೊಡುತ್ತಾರೆ.

ತಪ್ಪದೆ ಕೇಳಬೇಕಾದವು:

- ಯಾವ ಕೆಲಸ ಅಂದುಕೊಂಡದ್ದಕ್ಕಿಂತ ಮೂರು ಪಟ್ಟು ಸಮಯ ತಿಂತು?
- ಏನು ಕೊಂಡು ಬಳಸದೆ ಬಿಟ್ಟಿರಿ?
- ವೈವಾದಲ್ಲಿ (ಮೌಖಿಕ ಪರೀಕ್ಷೆ) ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಯಾವ ಪ್ರಶ್ನೆಗೆ ನಿಮ್ಮನ್ನು ನಿಲ್ಲಿಸಿದರು?
- ಈಗ ಮತ್ತೆ ಶುರುಮಾಡಿದರೆ ಮೊದಲ ವಾರ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆಯ ಉತ್ತರವನ್ನು ಅವರ ಮಾತಲ್ಲೇ, ಇದ್ದ ಹಾಗೇ ಬರೆದುಕೊಳ್ಳಿ. ಮೂರು ತಂಡಗಳ ಈ ಉತ್ತರ ಒಟ್ಟಿಗೆ ಇಟ್ಟರೆ ನಿಮ್ಮ ಮೊದಲ ವಾರದ ಪ್ಲ್ಯಾನ್ ಹೆಚ್ಚುಕಡಿಮೆ ಸಿದ್ಧ.

ಎಚ್ಚರಿಕೆ: ಮಾಡಿದವರಿಗೇ ತಮ್ಮ ಸರ್ಕ್ಯೂಟ್ ಬಿಡಿಸಿ ತೋರಿಸಲು ಆಗುತ್ತಿಲ್ಲ ಅಂದರೆ, ಎಲ್ಲದಕ್ಕೂ "ಅದು ಪ್ರಾಜೆಕ್ಟ್ ಸೆಂಟರ್‌ನವರು ಮಾಡಿಕೊಟ್ರು" ಅಂದರೆ ಆ ಪ್ರಾಜೆಕ್ಟನ್ನು ಪಟ್ಟಿಯಿಂದ ತೆಗೆಯಿರಿ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್‌ನಲ್ಲಿ ತಪ್ಪುಗಳ ನೆನಪು ಇರುವುದಿಲ್ಲ, ನಿಮಗೆ ಬೇಕಾಗಿರುವುದು ಅದೇ ನೆನಪು.

## ಹಂತ 6: ಒಂದನ್ನು ಎತ್ತಿಕೊಂಡು ನೀವೇ ಓಡಿಸಿ ನೋಡಿ

ಓದಿದ್ದು ಸಾಕು, ಈಗ ಕೈಗೆ ಕೆಲಸ. ಮೂರರಲ್ಲಿ ಒಂದರ ಒಂದು ಭಾಗವನ್ನು ಆರಿಸಿ. ಪೂರ್ತಿ ಪ್ರಾಜೆಕ್ಟ್ ಬೇಡ. ನೀರು ಬಿಡುವ ಪ್ರಾಜೆಕ್ಟ್ ಆದರೆ "ಸೆನ್ಸರ್ ಓದಿ ಮೊಬೈಲ್‌ನಲ್ಲಿ ತೋರಿಸುವುದು" ಅಷ್ಟೇ ಸಾಕು. ಮೂರು ದಿನ ಗಡುವು ಹಾಕಿಕೊಳ್ಳಿ. ಮೂರು ದಿನದಲ್ಲಿ ಆಗಲಿಲ್ಲ ಅಂದರೆ ಅದೂ ಒಂದು ಉತ್ತರವೇ: ಆ ಭಾಗಕ್ಕೆ ನಿಮ್ಮ ಪ್ಲ್ಯಾನ್‌ನಲ್ಲಿ ಜಾಸ್ತಿ ವಾರ ಬೇಕು.

ಹಳೆಯ ಪ್ರಾಜೆಕ್ಟ್ ಓಡಿಸುವಾಗ ಸಿಗುವ ತೊಂದರೆಗಳು ಬಹುಪಾಲು ಇವೇ.

ಸರ್ವರ್ ನಿಂತುಹೋಗಿದೆ. ಬೋರ್ಡ್‌ನ ರೀಡಿಂಗನ್ನು ಮೊಬೈಲ್‌ನಲ್ಲಿ ತೋರಿಸುವ ಬ್ಲಿಂಕ್ ಆ್ಯಪ್‌ನ ಹಳೆಯ ಆವೃತ್ತಿಯ ಸರ್ವರ್ 2022ರ ಕೊನೆಗೆ ನಿಂತಿತು. ಇಂಥ ಸಾಧನಗಳನ್ನು ಇಂಟರ್ನೆಟ್‌ಗೆ ಜೋಡಿಸುವ ಗೂಗಲ್‌ನ ಸೇವೆ ಕ್ಲೌಡ್ ಐಒಟಿ ಕೋರ್ 2023ರ ಆಗಸ್ಟ್‌ನಲ್ಲಿ ಮುಚ್ಚಿತು. ಟ್ವಿಟರ್ (ಈಗಿನ ಎಕ್ಸ್) ತನ್ನ ಎಪಿಐಯನ್ನು (ಬೇರೆ ಪ್ರೋಗ್ರಾಂಗಳು ಟ್ವೀಟ್ ಪಡೆಯುವ ದಾರಿ) ಮೊದಲಿನಂತೆ ಪುಕ್ಕಟೆ ಕೊಡುವುದನ್ನು 2023ರಲ್ಲಿ ನಿಲ್ಲಿಸಿತು. ಅದನ್ನು ನೆಚ್ಚಿದ್ದ ಸೆಂಟಿಮೆಂಟ್ ಅನಾಲಿಸಿಸ್ (ಬರಹದ ಭಾವ ಗುರುತಿಸುವ) ಪ್ರಾಜೆಕ್ಟ್‌ಗಳ ಕೋಡ್ ಈಗ ಹಾಗೇ ಓಡುವುದಿಲ್ಲ. ಕೋಡ್ ತಪ್ಪು ಅಂತ ನಾಲ್ಕು ದಿನ ಹುಡುಕುವ ಮೊದಲು ಆ ಸೇವೆ ಇನ್ನೂ ಬದುಕಿದೆಯಾ ನೋಡಿ.

ಲೈಬ್ರರಿ ಬದಲಾಗಿದೆ. ಮಾಡೆಲ್ ಕಟ್ಟಲು ಬಳಸುವ ಕೋಡ್ ಲೈಬ್ರರಿ ಟೆನ್ಸರ್‌ಫ್ಲೋ 2019ರಲ್ಲಿ 2ನೇ ಆವೃತ್ತಿಗೆ ಬಂದಾಗ ಹಳೆಯ ಎಷ್ಟೋ ಫಂಕ್ಷನ್‌ಗಳು ಹೋದವು. ರೆಪೊಸಿಟರಿಯಲ್ಲಿ (ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟ್ ಇರುವ ಫೋಲ್ಡರ್) ರಿಕ್ವೈರ್‌ಮೆಂಟ್ಸ್ ಫೈಲ್ (ಬೇಕಾದ ಲೈಬ್ರರಿಗಳ ಪಟ್ಟಿ) ಇಲ್ಲದಿದ್ದರೆ, ಕೊನೆಯ ಕಮಿಟ್‌ನ ತಾರೀಕು ನೋಡಿ ಆ ಕಾಲದ ಆವೃತ್ತಿ ಹಾಕಿ.

ಪಿನ್ ತಪ್ಪು. ಸೆನ್ಸರ್ ಪ್ರಾಜೆಕ್ಟ್‌ಗಳಲ್ಲಿ ಬಳಸುವ, ವೈಫೈ ಇರುವ ಮೂಲ ಇಎಸ್‌ಪಿ32 ಬೋರ್ಡ್‌ನಲ್ಲಿ ಅನಲಾಗ್ ಓದಲು ಎರಡು ಗುಂಪು ಪಿನ್‌ಗಳಿವೆ. ಎರಡನೇ ಗುಂಪು ವೈಫೈ ಚಾಲೂ ಇರುವಾಗ ಕೆಲಸ ಮಾಡುವುದಿಲ್ಲ. ಸೆನ್ಸರ್ ಒಂಟಿಯಾಗಿ ಸರಿಯಾಗಿ ಓದುತ್ತದೆ, ವೈಫೈ ಸೇರಿಸಿದ ಕೂಡಲೇ ಹಾಳಾಗುತ್ತದೆ. ತಂಡಗಳು ಸೆನ್ಸರ್ ಸುಟ್ಟಿದೆ ಅಂತ ಹೊಸದು ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡ್‌ಗೆ ಓಡುತ್ತವೆ. ಸೆನ್ಸರ್ ವಯರನ್ನು 32, 33, 34, 35ರಂಥ ಪಿನ್‌ಗೆ ಬದಲಿಸಿ, ಕೋಡ್‌ನಲ್ಲಿ ಪಿನ್ ನಂಬರ್ ತಿದ್ದಿ. ಅಷ್ಟೇ.

ಸಂಖ್ಯೆಯ ಅಳತೆ ಬೇರೆ. ಆರ್ಡುಯಿನೊ ಊನೊ ಬೋರ್ಡ್ 0ಯಿಂದ 1023ರವರೆಗೆ ಓದುತ್ತದೆ, ಇಎಸ್‌ಪಿ32 0ಯಿಂದ 4095ರವರೆಗೆ. ಹಳೆಯ ಕೋಡ್‌ನ "500 ದಾಟಿದರೆ ಮೋಟಾರ್ ಆನ್" ಎಂಬ ಸಾಲನ್ನು ಹಾಗೇ ತಂದರೆ ಪಂಪ್ ನಿಲ್ಲುವುದೇ ಇಲ್ಲ. ಬೋರ್ಡ್ ಒಂದೇ ಆದರೂ ಮಣ್ಣು ಬೇರೆ ಅನ್ನುವುದನ್ನೂ ಮರೆಯಬೇಡಿ. ಕೆಂಪು ಮಣ್ಣಿಗೆ ಹೊಂದಿಸಿದ ಸಂಖ್ಯೆ ಕಪ್ಪು ಮಣ್ಣಿಗೆ ಹೊಂದುವುದಿಲ್ಲ. ನಿಮ್ಮ ಮಣ್ಣನ್ನೇ ಒಂದು ಡಬ್ಬಿಯಲ್ಲಿ ಪೂರ್ತಿ ಒಣಗಿಸಿ ಒಂದು ರೀಡಿಂಗ್, ಚೆನ್ನಾಗಿ ನೆನೆಸಿ ಒಂದು ರೀಡಿಂಗ್ ತೆಗೆದುಕೊಳ್ಳಿ.

ಸೆನ್ಸರ್ ಕರಗುತ್ತದೆ. ಫೋರ್ಕ್‌ನ ಹಾಗೆ ಎರಡು ಕಾಲು ಇರುವ ಅಗ್ಗದ ಮಾಯಿಶ್ಚರ್ ಸೆನ್ಸರ್‌ನಲ್ಲಿ ಒದ್ದೆ ಮಣ್ಣಿನ ಮೂಲಕ ಕರೆಂಟ್ ಹರಿಯುತ್ತದೆ, ಲೋಹ ಕಿತ್ತುಕೊಂಡು ಹೋಗುತ್ತದೆ. ಬಿಡದೆ ಪವರ್ ಕೊಟ್ಟು ನೆಟ್ಟರೆ ಒಂದು ಕಾಲು ಕಪ್ಪಾಗುತ್ತಾ ಬರುವುದು ಕಣ್ಣಿಗೇ ಕಾಣುತ್ತದೆ. ರೀಡಿಂಗ್ ಕೂಡ ದಿನದಿಂದ ದಿನಕ್ಕೆ ಜಾರುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ತೆಗೆದುಕೊಳ್ಳಿ. ಹಳೆಯದನ್ನೇ ಬಳಸುವುದಾದರೆ ಓದುವ ಕ್ಷಣಕ್ಕೆ ಮಾತ್ರ ಪವರ್ ಕೊಡಿ.

ವೈಫೈ ಸೇರುವುದಿಲ್ಲ. ಮೂಲ ಇಎಸ್‌ಪಿ32ಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಮೊಬೈಲ್ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಅದಕ್ಕೆ ಕಾಣುವುದೇ ಇಲ್ಲ. ಕಾಲೇಜಿನ ವೈಫೈ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಹಾಕಿ ಲಾಗಿನ್ ಆಗಬೇಕಾದ ಪುಟ ತೋರಿಸುವಂಥದ್ದಾದರೆ ಬೋರ್ಡ್ ಆ ಪುಟ ತುಂಬಲಾರದು. ಮನೆಯಲ್ಲಿ ಓಡಿದ ಪ್ರಾಜೆಕ್ಟ್ ಡೆಮೋ ದಿನ ಸತ್ತುಹೋಗುವುದಕ್ಕೆ ಇದು ದೊಡ್ಡ ಕಾರಣ.

ಪಂಪ್ ಆನ್ ಆದ ಕೂಡಲೇ ಬೋರ್ಡ್ ರೀಸೆಟ್. ಪಂಪ್‌ಗೂ ಬೋರ್ಡ್‌ಗೂ ಒಂದೇ ಸಪ್ಲೈ ಕೊಟ್ಟಿರುತ್ತಾರೆ. ಮೋಟಾರ್ ಶುರುವಾಗುವಾಗ ಕರೆಂಟ್ ಎಳೆದುಕೊಳ್ಳುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಎರಡಕ್ಕೂ ಬೇರೆ ಬೇರೆ ಸಪ್ಲೈ ಕೊಡಿ.

ಈ ತೊಂದರೆಗಳನ್ನೆಲ್ಲ ಬರೆದಿಡಿ. ಒಂದೊಂದರ ಮುಂದೆ ಎಷ್ಟು ಗಂಟೆ ಹೋಯಿತು ಅಂತಲೂ ಹಾಕಿ. ಈ ಪುಟ ನಿಮ್ಮ ಮೊದಲ ರಿವ್ಯೂನಲ್ಲಿ ಯಾವ ಪಿಪಿಟಿಗಿಂತಲೂ ಬಲವಾಗಿ ಮಾತಾಡುತ್ತದೆ.

## ಹಂತ 7: ಒಂದೇ ಒಂದು ಬದಲಾವಣೆ ಆರಿಸಿ

ಈಗ ಟೈಟಲ್. ಮೇಲಿನ ಎಲ್ಲ ನೋಟ್ಸ್ ಎದುರಿಗಿಟ್ಟು ಈ ವಾಕ್ಯ ತುಂಬಿ: "ಅವರು ______ ಮಾಡಿದರು, ______ ಕಾರಣಕ್ಕೆ ______ ಆಗಲಿಲ್ಲ, ನಾವು ______ ಬದಲಿಸುತ್ತೇವೆ."

"ಅವರು ಕಿತ್ತ ಎಲೆಯ ಫೋಟೋ ಬಳಸಿದರು, ಹಿನ್ನೆಲೆ ಒಂದೇ ಆಗಿದ್ದ ಕಾರಣಕ್ಕೆ ತೋಟದ ಫೋಟೋ ಗುರುತಿಸಲು ಆಗಲಿಲ್ಲ, ನಾವು ಮರದಲ್ಲಿರುವ ಎಲೆಯ ಫೋಟೋಗಳನ್ನೇ ತೆಗೆದು ಕಲಿಸುತ್ತೇವೆ." ಇಷ್ಟು ಸಾಕು. ಇದು ಪ್ರಾಜೆಕ್ಟ್. ಕೊನೆಯ ಖಾಲಿ ಜಾಗಕ್ಕೆ "ಮತ್ತು" ಸೇರಿಸಬೇಕು ಅನ್ನಿಸಿದರೆ ತಡೆದುಕೊಳ್ಳಿ.

ಬೆಳೆಯ ಹೆಸರು ಬದಲಿಸುವುದೂ ಒಂದು ಬದಲಾವಣೆ, ಆದರೆ ಅದರ ಜತೆ ಬರುವ ಕೆಲಸ ಗೊತ್ತಿರಬೇಕು. ಪ್ಲಾಂಟ್‌ವಿಲೇಜ್‌ನ 14 ಬೆಳೆಗಳಲ್ಲಿ ಅಡಿಕೆ ಇಲ್ಲ. ಫೋಟೋ ನೀವೇ ತೆಗೆಯಬೇಕು. ಅಡಿಕೆಯ ಕೊಳೆ ರೋಗ ಕಾಣಿಸಿಕೊಳ್ಳುವುದು ಮಳೆಗಾಲದಲ್ಲಿ, ಅದೂ ಎಲೆಯಲ್ಲಲ್ಲ, ಕಾಯಿಯಲ್ಲಿ. ನಿಮ್ಮ ಪ್ರಾಜೆಕ್ಟ್ ಜನವರಿಯಲ್ಲಿ ಶುರುವಾಗಿ ಮೇನಲ್ಲಿ ಮುಗಿಯುವುದಾದರೆ ಒಂದೇ ಒಂದು ಫೋಟೋ ಸಿಗುವುದಿಲ್ಲ! ಮಳೆಗಾಲದಲ್ಲೇ ಹೋದರೂ ಗೊನೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದಿರುತ್ತಾರೆ, ಕಾಯಿಯ ಮೇಲೆ ನೀಲಿ ಕಲೆ ಇರುತ್ತದೆ. ಆ ಕಲೆಯನ್ನು ಮಾಡೆಲ್ ರೋಗ ಅಂದುಕೊಳ್ಳಬಹುದು. ಎಲೆಚುಕ್ಕೆ ರೋಗದ ಲೆಕ್ಕ ಬೇರೆ, ತೋಟದವರನ್ನು ಕೇಳಿ ಸಮಯ ಗೊತ್ತು ಮಾಡಿಕೊಳ್ಳಿ. ಡೇಟಾಕ್ಕೂ ಒಂದು ಸೀಸನ್ ಇರುತ್ತದೆ. ಟೈಟಲ್ ಕೊಡುವ ಮೊದಲು ಆ ಸೀಸನ್ ನಿಮ್ಮ ಸೆಮಿಸ್ಟರ್ ಒಳಗೆ ಬರುತ್ತದಾ ನೋಡಿ.

ಅಪಾಯದ ಗುರುತುಗಳು: ಟೈಟಲ್‌ನಲ್ಲಿ "ಐಒಟಿ", "ಎಐ", "ಬ್ಲಾಕ್‌ಚೈನ್" ಮೂರೂ ಇವೆ. ತಂಡದ ನಾಲ್ವರು ಪ್ರಾಜೆಕ್ಟನ್ನು ನಾಲ್ಕು ಥರ ವಿವರಿಸುತ್ತಾರೆ. ಬೇಕಾದ ಡೇಟಾ "ಎಲ್ಲಾದರೂ ಸಿಗುತ್ತೆ". ಇವುಗಳಲ್ಲಿ ಒಂದು ಕಂಡರೂ ಮೇಲಿನ ವಾಕ್ಯಕ್ಕೆ ವಾಪಸ್ ಹೋಗಿ.

## ಹಂತ 8: ಅವರ ವಾರಗಳನ್ನು ನಿಮ್ಮ ಕ್ಯಾಲೆಂಡರ್‌ಗೆ ಹಾಕಿ

ಫೈನಲ್ ಡೆಮೋ ತಾರೀಕಿನಿಂದ ಹಿಂದಕ್ಕೆ ಎಣಿಸಿ. ಇಂಟರ್ನಲ್ಸ್, ಪ್ಲೇಸ್‌ಮೆಂಟ್ ಡ್ರೈವ್, ಹಬ್ಬದ ರಜೆ ಇರುವ ವಾರಗಳನ್ನು ಮೊದಲೇ ಹೊಡೆದುಹಾಕಿ. ಉಳಿದ ವಾರಗಳಲ್ಲಿ ಸೀನಿಯರ್‌ಗಳಿಗೆ ನಿಜವಾಗಿ ಹಿಡಿದ ಸಮಯ ತುಂಬಿ, ಅಂದರೆ ಸ್ಕ್ರೀನ್‌ಶಾಟ್, ಕಮಿಟ್ ಮತ್ತು ಮಾತುಕತೆಯಿಂದ ಸಿಕ್ಕಿದ್ದು. ಅವರು ಎಂಟು ವಾರದಲ್ಲಿ ಮಾಡಿದ್ದನ್ನು ನಾವು ನಾಲ್ಕರಲ್ಲಿ ಮಾಡುತ್ತೇವೆ ಅಂತ ಬರೆಯಬೇಡಿ. ಅವರೂ ಹಾಗೇ ಬರೆದಿದ್ದರು.

ರಿಪೋರ್ಟ್ ಬರೆಯಲು ಮೂರು ವಾರ ಬೇರೆ ಇಡಿ. ಸೆನ್ಸರ್ ಪ್ರಾಜೆಕ್ಟ್ ಆದರೆ ಎರಡು ವಾರ ಬಿಡದೆ ಓಡಿಸಲು ಇಡಿ. ಏನಾದರೂ ಕೈಕೊಟ್ಟರೆ ಯಾವ ಆಬ್ಜೆಕ್ಟಿವ್ ಮೊದಲು ಬಿಡುತ್ತೇವೆ ಅಂತ ಈಗಲೇ, ತಲೆ ತಣ್ಣಗಿರುವಾಗಲೇ ಬರೆದು ಗೈಡ್‌ಗೆ ತೋರಿಸಿ.

## ಹಂತ 9: ಯಾರಿಂದ ಏನು ತೆಗೆದುಕೊಂಡಿರಿ ಅಂತ ಬರೆಯಿರಿ

ಬೇರೆಯವರ ಕೆಲಸದಿಂದ ಕಲಿಯುವುದು ಕದಿಯುವುದಲ್ಲ. ಹೇಳದೆ ಬಳಸುವುದು ಮಾತ್ರ ತಪ್ಪು.

ಗಿಟ್‌ಹಬ್‌ನಲ್ಲಿ ಸಿಕ್ಕಿತು ಅಂದರೆ ಬಳಸಬಹುದು ಅಂತಲ್ಲ. ರೆಪೊಸಿಟರಿಯಲ್ಲಿ ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಆ ಕೋಡ್‌ನ ಹಕ್ಕು ಪೂರ್ತಿ ಬರೆದವರದ್ದೇ. ಒಂದು ಮೆಸೇಜ್ ಹಾಕಿ ಕೇಳಿ. ಲೈಸೆನ್ಸ್ ಇದ್ದರೆ ಓದಿ, ಅದು ಕೇಳಿದ್ದನ್ನು ಮಾಡಿ.

ರಿಪೋರ್ಟಿನ ಬರಹದ ವಿಷಯಕ್ಕೆ ಬಂದರೆ, ಕೃತಿಚೌರ್ಯದ ಬಗ್ಗೆ 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳಿವೆ. ಅವು ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧಗಳಿಗೆ, ಪ್ರಾಜೆಕ್ಟ್ ರಿಪೋರ್ಟನ್ನು ಅವು ಹೊರಗಿಡುತ್ತವೆ, ಆದರೂ ಅಳತೆ ಗೊತ್ತಿರಲಿ. ಅವುಗಳಲ್ಲಿ 10 ಪರ್ಸೆಂಟ್‌ವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ನಿಮ್ಮ ರಿಪೋರ್ಟಿಗೆ ಕಾಲೇಜಿನದೇ ಮಿತಿ ಇರಬಹುದು, ಕೇಳಿಕೊಳ್ಳಿ. ಸಿಕ್ಕಿಬೀಳುವ ಜಾಗ ಬಹುತೇಕ ಲಿಟರೇಚರ್ ಸರ್ವೇ ಅಧ್ಯಾಯ, ಯಾಕೆಂದರೆ ಹಿಂದಿನ ಬ್ಯಾಚಿನ ಸರ್ವೇಯನ್ನೇ ಎತ್ತಿ ಹಾಕಿರುತ್ತಾರೆ. ನೀವು ಹನ್ನೆರಡು ಪ್ರಾಜೆಕ್ಟ್ ಓದಿದ್ದೀರಿ, ಟೇಬಲ್ ಇದೆ, ಕೈಯಾರೆ ಓಡಿಸಿ ನೋಡಿದ್ದೀರಿ. ಆ ಅಧ್ಯಾಯವನ್ನು ನಿಮ್ಮ ಮಾತಲ್ಲೇ ಬರೆಯಬಹುದು, ಅಲ್ವಾ?

ಮಾಡಿದ್ದೆಲ್ಲ ಮೂರು ಕಾಲಂನಲ್ಲಿ ಬರೆದಿಡಿ: ಇದ್ದ ಹಾಗೇ ತೆಗೆದುಕೊಂಡದ್ದು, ತಿದ್ದಿ ಬಳಸಿದ್ದು, ನಾವೇ ಮಾಡಿದ್ದು. ವೈವಾದಲ್ಲಿ ಎಕ್ಸ್‌ಟರ್ನಲ್ "ಇದರಲ್ಲಿ ನಿಮ್ಮದು ಯಾವುದು?" ಅಂತ ಕೇಳೇ ಕೇಳುತ್ತಾರೆ. ಆಗ ಆ ಹಾಳೆಯನ್ನು ಅವರ ಮುಂದೆ ಇಟ್ಟು ಮೂರನೇ ಕಾಲಂನಿಂದ ಶುರುಮಾಡಿ.